ಏಪ್ರಿಲ್‌ನಲ್ಲಿ ಹಾಸಿದ ಹಲಗೆ, ಜುಲೈನ ಮಳೆ

ಕಾಫಿಗೆ ಬೆಲೆ ಬಂದ ವರ್ಷ ಮಲೆನಾಡಿನಲ್ಲಿ ಮೊದಲು ಬದಲಾಗುವುದು ಜೀಪು, ಆಮೇಲೆ ಮನೆ. 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5000 ಡಾಲರ್ ದಾಟಿತು. ಗೋಣಿಬೀಡು, ಮೂಡಿಗೆರೆ, ಕಳಸದ ಕಡೆ ಅಂಥ ಬೆಲೆ ಬಂದಾಗಲೆಲ್ಲ ಹಳೇ ಮನೆ ರಿಪೇರಿಯ ಮಾತು ಏಳುತ್ತದೆ. ಪೂರ್ತಿ ಕೆಡವಿ ಕಟ್ಟುವವರು ಕಡಿಮೆ. ಅಡುಗೆಮನೆ ಹೊಸದಾಗಬೇಕು, ಹಿತ್ತಲಲ್ಲಿದ್ದ ಬಚ್ಚಲು ಒಳಗೆ ಬರಬೇಕು, ಬೆಂಗಳೂರಿನಿಂದ ಬರುವ ಮಕ್ಕಳಿಗೆ ಮಹಡಿಯಲ್ಲಿ ಒಂದು ರೂಮು ಬೇಕು. ಇಷ್ಟರವರೆಗೆ ಮನೆಯಲ್ಲಿ ಒಮ್ಮತವಿರುತ್ತದೆ. ನೆಲದ ಮಾತು ಬಂದ ಕೂಡಲೇ ಎರಡು ಪಕ್ಷ.

ತೋಟದಲ್ಲೇ ಮರವಿದೆ, ಹಲಗೆ ಕೊಯ್ಸಿ ಹಾಸೋಣ ಎನ್ನುವವರು ಒಂದು ಕಡೆ. ಅಷ್ಟು ದುಡ್ಡು ಯಾಕೆ, ಹಾಸನದ ಅಂಗಡಿಯಲ್ಲಿ ನೋಡಿದ ಲ್ಯಾಮಿನೇಟ್ ಹಾಕಿಸಿದರೆ ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡು ಪಕ್ಷದವರೂ ನೋಡಿರುವುದು ಫೋಟೊಗಳನ್ನು, ಇಲ್ಲವೇ ಏಪ್ರಿಲ್ ತಿಂಗಳಿನ ಷೋರೂಮನ್ನು. ಮಲೆನಾಡಿನ ನೆಲದ ಪರೀಕ್ಷೆ ನಡೆಯುವುದು ಜುಲೈನಲ್ಲಿ.

ಮರದ ನೆಲ ಬೇಕು ಎನ್ನುವುದನ್ನು ಬರೀ ಷೋಕಿ ಎಂದು ತಳ್ಳಿಹಾಕಬಾರದು. ಅದರ ಹಿಂದೆ ಕಾಲಿನ ಚಳಿ ಇದೆ. ಮಳೆಗಾಲದ ಬೆಳಿಗ್ಗೆ ವಿಟ್ರಿಫೈಡ್ ಟೈಲ್ಸಿನ ಮೇಲೆ ಬರಿಗಾಲು ಇಟ್ಟರೆ ಪಾದ ಕೊರೆಯುತ್ತದೆ. ಟೈಲ್ಸು ಕೋಣೆಯ ಗಾಳಿಗಿಂತ ತಣ್ಣಗಿರಲೇಬೇಕೆಂದಿಲ್ಲ. ಪಾದದ ಶಾಖವನ್ನು ಅದು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ. ಗ್ರಾನೈಟ್ ಕಲ್ಲು ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕಾಗಿ ಶಾಖ ಸಾಗಿಸುತ್ತದೆ. ಇದರ ಮೇಲೆ ಇನ್ನೊಂದು ಕಾಟ: ಜೂನ್‌ನಲ್ಲಿ ನೆಲ ಬೆವರುತ್ತದೆ. ಹೊರಗಿನ ತೇವ ತುಂಬಿದ ಗಾಳಿ ಒಳಗಿನ ತಣ್ಣನೆಯ ನೆಲಕ್ಕೆ ತಾಗಿ ಹನಿಯಾಗುತ್ತದೆ. ನುಣುಪಾದ ಟೈಲ್ಸಿನ ಮೇಲೆ ಆ ಹನಿ ಇಂಗುವುದಿಲ್ಲ, ಹಾಗೇ ನಿಲ್ಲುತ್ತದೆ. ವಯಸ್ಸಾದವರು ಕಾಲು ಜಾರಿ ಸೊಂಟ ಮುರಿದುಕೊಳ್ಳುವುದು ಇಂಥ ನೆಲದ ಮೇಲೆ. ಮರ ಬೆಚ್ಚಗಿರುತ್ತದೆ, ಅಷ್ಟಾಗಿ ಬೆವರುವುದೂ ಇಲ್ಲ. ಲ್ಯಾಮಿನೇಟ್ ಕೂಡ ಟೈಲ್ಸಿಗಿಂತ ಬೆಚ್ಚಗೆ.

ಹಾಗಾದರೆ ಎರಡರಲ್ಲಿ ಯಾವುದು? ಅಂಗಡಿಗೆ ಹೋಗುವ ಮೊದಲು ಒಂದು ಎಚ್ಚರ ಬೇಕು. ಅಲ್ಲಿ ‘ವುಡನ್ ಫ್ಲೋರಿಂಗ್’ ಎಂದು ತೋರಿಸುವುದರಲ್ಲಿ ಬಹುಪಾಲು ಲ್ಯಾಮಿನೇಟೇ. ಗಟ್ಟಿ ಮರದ ನೆಲ ಎಂದರೆ ಮುಕ್ಕಾಲು ಇಂಚಿನ ಆಸುಪಾಸಿನ ಒಂದೇ ಹಲಗೆ, ಮೇಲಿನಿಂದ ಕೆಳಗಿನವರೆಗೆ ಮರವೇ. ಎಂಜಿನಿಯರ್ಡ್ ವುಡ್ ಎನ್ನುವುದರ ಮೈಯೆಲ್ಲ ಪ್ಲೈವುಡ್, ತಲೆಯ ಮೇಲೆ ಮಾತ್ರ ಎರಡರಿಂದ ನಾಲ್ಕು ಮಿಲಿಮೀಟರ್ ನಿಜವಾದ ಮರ. ಲ್ಯಾಮಿನೇಟ್‌ನಲ್ಲಿ ಕಾಣುವ ಮರ ಮರವೇ ಅಲ್ಲ, ಅದರ ಫೋಟೊ. ಮರದ ನಾರನ್ನು ಪುಡಿಮಾಡಿ ಅಂಟು ಬೆರೆಸಿ ಒತ್ತಿದ ಎಚ್‌ಡಿಎಫ್ ಹಲಗೆಯ ಮೇಲೆ ಮುದ್ರಿಸಿದ ಕಾಗದ, ಅದರ ಮೇಲೆ ಗೀರು ಬೀಳದಂತೆ ಅಲ್ಯೂಮಿನಿಯಂ ಆಕ್ಸೈಡ್ ಸೇರಿಸಿದ ಮೆಲಮೈನ್ ಪದರ. ಅಡುಗೆಮನೆಯ ಕಪಾಟಿಗೆ ಅಂಟಿಸುವ ಸನ್‌ಮೈಕದ ಹತ್ತಿರದ ಸಂಬಂಧಿ ಇದು.

ಲ್ಯಾಮಿನೇಟಿನ ತವರು ಸ್ವೀಡನ್. ಪರ್‌ಸ್ಟಾರ್ಪ್ ಎಂಬ ಕಂಪನಿ 1977ರಲ್ಲಿ ಇದನ್ನು ರೂಪಿಸಿತು, 1980ರ ದಶಕದಲ್ಲಿ ‘ಪರ್ಗೊ’ ಹೆಸರಿನಲ್ಲಿ ಯುರೋಪಿನ ಮನೆಗಳಿಗೆ ಮಾರಿತು. 1990ರ ದಶಕದ ಕೊನೆಗೆ ಬೆಲ್ಜಿಯಂ ಮತ್ತು ಸ್ವೀಡನ್ನಿನ ಕಂಪನಿಗಳು ಅಂಟು, ಮೊಳೆ ಏನೂ ಇಲ್ಲದೆ ಒಂದಕ್ಕೊಂದು ಸಿಕ್ಕಿಸುವ ಕ್ಲಿಕ್ ಹಲಗೆ ತಂದವು. ಎರಡು ದಿನದಲ್ಲಿ ಕೆಲಸ ಮುಗಿಯುವುದು ಆ ಕ್ಲಿಕ್ಕಿನಿಂದ. ಸ್ವೀಡನ್ನಿನ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ಗಾಳಿ ಒಣಗಿ ತುಟಿ ಒಡೆಯುತ್ತದೆ. ಅಲ್ಲಿ ನೆಲದ ಹಲಗೆಯ ಕಷ್ಟ ಕುಗ್ಗುವುದು, ಸಂದಿ ಬಿಡುವುದು. ಇಲ್ಲಿನ ಕಷ್ಟ ಅದರ ತದ್ವಿರುದ್ಧ.

ಮೂಡಿಗೆರೆ ತಾಲ್ಲೂಕಿನಲ್ಲಿ ವರ್ಷದ ಸರಾಸರಿ ಮಳೆ 2000 ಮಿಲಿಮೀಟರ್ ದಾಟುತ್ತದೆ. ಕೊಟ್ಟಿಗೆಹಾರದ ಕಡೆ ಹೋದಂತೆ ಇನ್ನೂ ಹೆಚ್ಚು, ಗೋಣಿಬೀಡಿನ ಕಡೆ ಬಂದಂತೆ ಒಂದಿಷ್ಟು ಕಡಿಮೆ. ಆದರೆ ನೆಲದ ಹಲಗೆಗೆ ಮಳೆಯ ಲೆಕ್ಕಕ್ಕಿಂತ ಗಾಳಿಯ ತೇವದ ಲೆಕ್ಕ ಮುಖ್ಯ. ಕಡಿದು ಎಷ್ಟು ವರ್ಷವಾದರೂ ಮರ ಸುತ್ತಲಿನ ಗಾಳಿಯ ತೇವ ಕುಡಿಯುವುದನ್ನು, ಬಿಡುವುದನ್ನು ನಿಲ್ಲಿಸುವುದಿಲ್ಲ. ಗಾಳಿಯ ಆರ್ದ್ರತೆ ಶೇ 50 ಇದ್ದಾಗ ಮರದೊಳಗಿನ ತೇವಾಂಶ ಸುಮಾರು ಶೇ 9ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ 80ಕ್ಕೆ ಏರಿದರೆ ಮರದಲ್ಲಿ ಶೇ 16, ಶೇ 90ಕ್ಕೆ ಏರಿದರೆ ಶೇ 20. ಮಾರ್ಚ್‌ನ ಒಣ ಮಧ್ಯಾಹ್ನಗಳಿಂದ ಬಿಸಿಲೇ ಕಾಣದ ಜುಲೈವರೆಗೆ ಒಂದು ಹಲಗೆ ಈ ಏಣಿಯನ್ನು ಹತ್ತುತ್ತಲೇ ಇರುತ್ತದೆ.

ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಕಣದಲ್ಲಿ ಹರಡಿ, ಕೈಯಾಡಿಸಿ, ತೇವಾಂಶ ಶೇ 10–11ರ ಆಸುಪಾಸಿಗೆ ಇಳಿಸಿ ಚೀಲ ಕಟ್ಟಿದ ಚೆರ್ರಿ ಕಾಫಿಯ ಬೀಜವನ್ನು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮಳೆಗಾಲದ ಕಡಲಗಾಳಿಗೆ ಬಿಟ್ಟರೆ ಅದು ಊದಿಕೊಂಡು, ಹಸಿರು ಬಣ್ಣ ಕಳೆದು ಹಳದಿಯಾಗುತ್ತದೆ. ಅದೇ ಹೆಸರುವಾಸಿ ಮಾನ್ಸೂನ್ಡ್ ಮಲಬಾರ್. ಕಾಫಿಗೆ ಆ ಊತ ಹೆಚ್ಚಿನ ಬೆಲೆ ತರುತ್ತದೆ. ನೆಲದ ಹಲಗೆಗೆ ತರುವುದು ಬಡಗಿಯ ಎರಡನೇ ಬಿಲ್ಲು.

ಊತ ಎಷ್ಟು ಎಂದು ಲೆಕ್ಕ ಹಾಕಿ ನೋಡಬಹುದು. ಸಾಗುವಾನಿ ಅಂಥ ಹಠಮಾರಿ ಮರವಲ್ಲ, ಕುಗ್ಗು ಹಿಗ್ಗು ಕಡಿಮೆ ಇರುವ ಮರಗಳಲ್ಲಿ ಅದು ಮುಂದಿದೆ. ಆದರೂ ಹಸಿಯಿಂದ ಪೂರ್ತಿ ಒಣಗುವವರೆಗೆ ಉಂಗುರಗಳ ಜಾಡಿನಲ್ಲಿ ಅದು ಶೇ 5.8ರಷ್ಟು ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಶೇ 10 ತೇವಾಂಶವಿದ್ದ ಸಾಗುವಾನಿ ಹಲಗೆ ಜುಲೈನಲ್ಲಿ ಶೇ 18ಕ್ಕೆ ಹೋದರೆ ಅಗಲದಲ್ಲಿ ಸುಮಾರು ಶೇ 1.5 ಹಿಗ್ಗುತ್ತದೆ. ಐದು ಇಂಚಿನ ಒಂದು ಹಲಗೆಗೆ ಅದು ಎರಡು ಮಿಲಿಮೀಟರ್, ಕಣ್ಣಿಗೇ ಬೀಳುವುದಿಲ್ಲ. ಆದರೆ ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ಹಲಗೆಗಳು ಒಂದಕ್ಕೊಂದು ತಾಗಿ ಕೂತಿರುತ್ತವೆ. ಎಲ್ಲ ಸೇರಿದರೆ ಎರಡು ಇಂಚಿಗೂ ಮೇಲೆ. ಪಾಲಿಶ್ ತೇವವನ್ನು ತಡಮಾಡುತ್ತದೆ, ಮೊಳೆ ಹಿಡಿದಿಡುತ್ತದೆ, ಹಾಗಾಗಿ ಪೂರ್ತಿ ಎರಡು ಇಂಚು ಹೊರಗೆ ಬಾರದೆ ಇರಬಹುದು. ಅರ್ಧ ಬಂದರೂ ಗೋಡೆಗೆ ಒತ್ತಿಕೊಂಡ ನೆಲಕ್ಕೆ ಹೋಗಲು ಇರುವ ದಾರಿ ಮೇಲೆ ಮಾತ್ರ. ನಡುಮನೆಯಲ್ಲಿ ನೆಲ ಉಬ್ಬಿ ಏಳುತ್ತದೆ, ಬಾಗಿಲು ತಾಗುತ್ತದೆ.

ತೊಂದರೆ ಎಂದರೆ, ಈ ಸೀಮೆಯಲ್ಲಿ ಮನೆ ಕೆಲಸದ ಕಾಲವೇ ತಪ್ಪು ಕಾಲ. ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಕೊಯ್ಲಿನ ದುಡ್ಡು ಕೈಗೆ ಬಂದು, ಹೂಮಳೆ ನೋಡಿಕೊಂಡು ಕೆಲಸ ಹಿಡಿಯುವುದು ಮಾರ್ಚ್ ಹೊತ್ತಿಗೆ. ಮಳೆ ಹಿಡಿಯುವುದರೊಳಗೆ ಮುಗಿಸುವ ಅವಸರ. ಅಂದರೆ ಮರ ವರ್ಷದಲ್ಲೇ ಅತ್ಯಂತ ಒಣಗಿ ಕುಗ್ಗಿರುವ ತಿಂಗಳಲ್ಲಿ ಬಡಗಿ ಸಂದಿಲ್ಲದಂತೆ ಬಿಗಿಯಾಗಿ ಕೂರಿಸುತ್ತಾನೆ, ಯಜಮಾನರು ಆ ಬಿಗಿ ನೋಡಿ ಮೆಚ್ಚುತ್ತಾರೆ. ಏಪ್ರಿಲ್‌ನಲ್ಲಿ ಹಾಸುವ ನೆಲಕ್ಕೆ ಹಲಗೆಗಳ ನಡುವೆ ಕೂದಲೆಳೆಯ ಸಂದಿ, ಗೋಡೆಯ ಸುತ್ತ ಮುಕ್ಕಾಲು ಇಂಚಿನ ಜಾಗ ಬಿಟ್ಟು ಸ್ಕರ್ಟಿಂಗ್ ಪಟ್ಟಿಯಿಂದ ಮುಚ್ಚಬೇಕು. ‘ಸಂದಿ ಕಾಣುತ್ತಲ್ಲ ಆಚಾರ್ರೇ’ ಎಂದು ಮನೆಯವರು ಆಕ್ಷೇಪಿಸಿದರೆ ಅವರು ತಪ್ಪು ತಿಂಗಳಲ್ಲಿ ನೋಡುತ್ತಿದ್ದಾರೆ ಎಂದರ್ಥ. ಹಲಗೆ ಸೀಳುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಉಂಗುರದ ಗೆರೆಗಳು ಹಲಗೆಯ ಅಗಲಕ್ಕೆ ಎದ್ದು ನಿಲ್ಲುವಂತೆ ಸೀಳಿಸಿದರೆ ಸಾಗುವಾನಿಯ ಹಿಗ್ಗು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಮರ ಸ್ವಲ್ಪ ಹೆಚ್ಚು ವ್ಯರ್ಥವಾಗುತ್ತದೆ, ಕೊಯ್ಯುವವನಿಗೆ ಕೆಲಸವೂ ಹೆಚ್ಚು. ಮೊದಲೇ ಹೇಳದಿದ್ದರೆ ಸಾಮಿಲ್ಲಿನಲ್ಲಿ ತಾವಾಗಿ ಯಾರೂ ಹಾಗೆ ಸೀಳುವುದಿಲ್ಲ.

ಲ್ಯಾಮಿನೇಟ್‌ಗೆ ಈ ಹಿಗ್ಗು ಕಡಿಮೆ, ಗಾಳಿಯ ತೇವವನ್ನು ಅದು ಮರಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಗೋಡೆಯ ಸುತ್ತ ಹತ್ತು ಮಿಲಿಮೀಟರ್ ಬಿಟ್ಟರೆ ಸಾಕು ಎನ್ನುವುದು ಅದಕ್ಕೇ. ಅದರ ಶತ್ರು ನಿಂತ ನೀರು. ಮೇಲಿನ ಮೆಲಮೈನ್ ಪದರದಲ್ಲಿ ನೀರು ಇಳಿಯುವುದಿಲ್ಲ, ಕ್ಲಿಕ್ಕಿನ ಸಂದಿಯಲ್ಲಿ ಇಳಿಯುತ್ತದೆ. ಒಳಗಿನ ಎಚ್‌ಡಿಎಫ್ ದಪ್ಪದಲ್ಲಿ ಊದಿಕೊಳ್ಳುತ್ತದೆ. ಯುರೋಪಿನ ಇಎನ್ 13329 ಮಾನದಂಡ ಹಲಗೆಯನ್ನು 24 ಗಂಟೆ ನೀರಿನಲ್ಲಿಟ್ಟು ಪರೀಕ್ಷಿಸಿ, ಶೇ 18–20ರವರೆಗಿನ ಊತವನ್ನು ಒಪ್ಪಿಕೊಂಡಿದೆ. ಎಂಟು ಮಿಲಿಮೀಟರ್ ಹಲಗೆಗೆ ಅದು ಒಂದೂವರೆ ಮಿಲಿಮೀಟರ್, ಬರಿಗಾಲಿಗೆ ತಾಗುವಷ್ಟು ಏಣು. ಮರ ಬೇಸಿಗೆಗೆ ಮತ್ತೆ ಕುಗ್ಗುತ್ತದೆ, ತನ್ನ ಜಾಗಕ್ಕೆ ಮರಳುವ ಸಾಧ್ಯತೆ ಇದೆ. ಒಮ್ಮೆ ಊದಿದ ಎಚ್‌ಡಿಎಫ್ ಮರಳುವುದಿಲ್ಲ.

ಅಂಗಡಿಯವರು ‘ಇದು ಎಸಿ 4 ಸಾರ್, ಹೋಟೆಲ್‌ಗೆ ಹಾಕುವುದು’ ಎಂದು ಒಂದು ಅಂಕೆ ಹೇಳುತ್ತಾರೆ. ಆ ಅಂಕೆ ನಿಜ, ಆದರೆ ಅದು ಸವೆತದ ಅಂಕೆ. ಗಮ್‌ಬೂಟಿಗೆ ಅಂಟಿ ಬರುವ ಕೆಂಪು ಮಣ್ಣಿನ ಮರಳು, ನಾಯಿಯ ಉಗುರು, ಎಳೆದಾಡುವ ಕುರ್ಚಿ ಇವುಗಳನ್ನು ಎಸಿ 3, ಎಸಿ 4 ತಾಳುತ್ತವೆ. ಈ ವಿಷಯದಲ್ಲಿ ಲ್ಯಾಮಿನೇಟ್ ಸಾಗುವಾನಿಯನ್ನೂ ಸೋಲಿಸುತ್ತದೆ. ನೀರಿನ ಬಗ್ಗೆ ಆ ಅಂಕೆ ಏನೂ ಹೇಳುವುದಿಲ್ಲ. ಬಕೆಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ದಿನವೂ ನೆಲ ಒರೆಸುವ, ಹಬ್ಬದ ಮುನ್ನಾದಿನ ನೀರು ಚೆಲ್ಲಿ ತೊಳೆಯುವ ಮನೆಗೆ ಬೇಕಾಗಿದ್ದು ನೀರಿನ ಉತ್ತರ.

ಗೋಣಿಬೀಡು ಕಡೆಯ ಹಳೇ ಮನೆಗಳನ್ನು ಕಟ್ಟಿದವರು ಈ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿದ್ದರು. ಅವರಿಗೆ ಮರದ ಬರವಿರಲಿಲ್ಲ. ಕಂಬ ಮರ, ತೊಲೆ ಮರ, ಮುಚ್ಚಿಗೆ ಮರ, ಬಾಗಿಲಂತೂ ನಾಲ್ಕು ಜನ ಎತ್ತಬೇಕಾದ ಮರ. ಹಲಸು, ಹೆಬ್ಬಲಸು, ಮತ್ತಿ, ನಂದಿ, ಹೊನ್ನೆ, ಬೀಟೆ ಎಲ್ಲದರ ಗುಣ ಗೊತ್ತಿತ್ತು. ಹಾಗಿದ್ದೂ ಕೆಳಗಿನ ನೆಲಕ್ಕೆ ಯಾರೂ ಹಲಗೆ ಹಾಸಲಿಲ್ಲ. ಅಲ್ಲಿ ಬಡಿದು ಗಟ್ಟಿ ಮಾಡಿದ ಮಣ್ಣು, ಸಗಣಿ ಸಾರಣೆ, ಅನುಕೂಲ ಬಂದ ಮೇಲೆ ಗಾರೆ, ಆಮೇಲೆ ರೆಡ್ ಆಕ್ಸೈಡ್. ಹಲಗೆ ಹಾಸಿದ್ದು ಉಪ್ಪರಿಗೆಗೆ, ಅಟ್ಟಕ್ಕೆ.

ಜಿಪುಣತನದಿಂದ ಹಾಗೆ ಮಾಡಿದ್ದಲ್ಲ. ಮಣ್ಣಿನ ಗೋಡೆ, ಕಾಡುಕಲ್ಲಿನ ಪಾಯದ ಮನೆಯಲ್ಲಿ ಕೆಳಗಿನಿಂದ ಥಂಡಿ ಏರುತ್ತದೆ. ಪಾಯದ ಮೇಲೆ ತೇವ ತಡೆಯುವ ಪದರವಿಲ್ಲ, ಹಿಂದುಗಡೆ ಧರೆ, ಸುತ್ತ ತೋಟದ ಒದ್ದೆ ಮಣ್ಣು. ಅಲ್ಲಿ ಹಾಸಿದ ಹಲಗೆ ಅಡಿಯಿಂದ ನೀರು ಕುಡಿದು ಮೇಲಿನಿಂದ ಒಣಗಿ ದೋಣಿಯಾಗುತ್ತದೆ. ಗೆದ್ದಲಿಗೆ ಕೆಳಗಿನಿಂದಲೇ ದಾರಿ. ಉಪ್ಪರಿಗೆಯ ಹಲಗೆಗೆ ಕೆಳಗೂ ಗಾಳಿ, ಮೇಲೂ ಗಾಳಿ. ಅಡುಗೆ ಒಲೆ, ಬಚ್ಚಲೊಲೆ, ಬೈಗಿನ ಅಗ್ಗಿಷ್ಟಿಕೆ ಇವುಗಳ ಬಿಸಿ ಮಳೆಗಾಲವಿಡೀ ಅದನ್ನು ಒಣಗಿಸುತ್ತಿತ್ತು. ಹೊಗೆಯ ಇಲ್ಲಣ ಕಟ್ಟಿ ಹುಳು ಹತ್ತುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಮುಚ್ಚಿಗೆ ಹಲಗೆಯ ಮೇಲೆ ಮಣ್ಣು ಮೆತ್ತುತ್ತಿದ್ದರು, ಹುಲ್ಲಿನ ಮಾಡಿಗೆ ಬೆಂಕಿ ಬಿದ್ದರೂ ಕೆಳಗಿನದು ಉಳಿಯಲಿ ಎಂದು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿ, ಆ ಹೆಂಚು ಘಟ್ಟ ಹತ್ತಿ ಬಂದ ಮೇಲೆ ಮಾಡು ಬದಲಾಯಿತು. ನೆಲದ ಪದ್ಧತಿ ಬದಲಾಗಲಿಲ್ಲ.

ಇವತ್ತಿನ ಮನೆಗೂ ಆ ಹಳೇ ವಿಭಜನೆಯೇ ಸರಿ ಎನ್ನುವುದು ಈ ಅಂಕಣದ ಪಕ್ಷ. ನೆಲಕ್ಕೆ ತಾಗಿದ ಕೋಣೆಗೆ ಮರವೂ ಬೇಡ, ಲ್ಯಾಮಿನೇಟೂ ಬೇಡ. ಮಹಡಿಯ ಮಲಗುವ ಕೋಣೆಗೆ ಎರಡೂ ಆದೀತು, ಆಯ್ಕೆ ಅಲ್ಲಿಂದ ಶುರು. ಹೊಸದಾಗಿ ಕಟ್ಟಿದ, ಪಾಯದಲ್ಲಿ ತೇವ ತಡೆಯುವ ಡಿಪಿಸಿ ಪದರ ಹಾಕಿದ ಎತ್ತರದ ಮನೆಗೆ ರಿಯಾಯಿತಿ ಕೊಡಬಹುದು, ಒಂದು ಪರೀಕ್ಷೆ ಮಾಡಿದ ಮೇಲೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ 16 ಗಂಟೆ ಬಿಡಬೇಕು. ತೆಗೆದಾಗ ಅಡಿಯಲ್ಲಿ ಹನಿ ಕಂಡರೆ, ಅಥವಾ ನೆಲದ ಬಣ್ಣ ಕಪ್ಪಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಮಾನದಂಡವಾಗಿ ಬರೆದಿಟ್ಟಿರುವ ಪರೀಕ್ಷೆ ಇದು, ಖರ್ಚು ಟೇಪಿನದು ಮಾತ್ರ. ಇದನ್ನು ಜುಲೈನಲ್ಲಿ ಮಾಡಬೇಕು. ಏಪ್ರಿಲ್‌ನಲ್ಲಿ ಪಾಸಾದ ನೆಲವನ್ನು ನಂಬಲಾಗದು.

ಮಹಡಿಯಲ್ಲಿ ಇನ್ನೊಂದು ಮೋಸವಿದೆ. ಫೆಬ್ರುವರಿಯಲ್ಲಿ ಆರ್‌ಸಿಸಿ ಹಾಕಿ, ಏಪ್ರಿಲ್‌ನಲ್ಲಿ ಅದರ ಮೇಲೆ ಗಾರೆ ಎಳೆದು, ಮೇನಲ್ಲಿ ಹಲಗೆ ಹಾಸಿದರೆ ಕಾಂಕ್ರೀಟಿನೊಳಗಿನ ನೀರು ಎಲ್ಲಿಗೆ ಹೋಗಬೇಕು? ಒಣ ಹವೆಯಲ್ಲೇ ಕಾಂಕ್ರೀಟ್ ಒಣಗಲು ಇಂಚಿಗೆ ಒಂದು ತಿಂಗಳು ಎಂಬ ಅಂದಾಜಿದೆ. ಮಲೆನಾಡಿನಲ್ಲಿ ಒಂದು ಮಳೆಗಾಲ ದಾಟಿಸಿ, ಜನವರಿಯಲ್ಲಿ ಹಾಸುವುದು ಜಾಣತನ. ಗೃಹಪ್ರವೇಶಕ್ಕೆ ಜಮಖಾನ ಸಾಕು.

ಗೆದ್ದಲಿನ ವಿಷಯದಲ್ಲಿ ಲ್ಯಾಮಿನೇಟ್ ಮಾರುವವರು ಒಂದು ಸುಳ್ಳು ಹೇಳುತ್ತಾರೆ: ಇದು ಮರವಲ್ಲ, ಗೆದ್ದಲು ತಿನ್ನುವುದಿಲ್ಲ ಎಂದು. ಎಚ್‌ಡಿಎಫ್ ಮರದ ನಾರೇ. ಗೆದ್ದಲಿಗೆ ಫೋಟೊದ ಮೇಲೆ ಆಸಕ್ತಿಯಿಲ್ಲ, ಅದು ಕೆಳಗಿನಿಂದ ಬರುತ್ತದೆ. ಮೇಲೆ ಗಟ್ಟಿ ಪದರವಿರುವುದರಿಂದ ಒಳಗೆ ಪೂರ್ತಿ ಟೊಳ್ಳಾಗುವವರೆಗೆ ಗೊತ್ತೂ ಆಗುವುದಿಲ್ಲ. ಸಾಗುವಾನಿಯ, ಬೀಟೆಯ ತಿರುಳು ತನ್ನ ಎಣ್ಣೆಯಂಶದಿಂದ ಗೆದ್ದಲನ್ನು ಬಹುಕಾಲ ದೂರ ಇಡುತ್ತದೆ. ಅದೇ ಮರದ ಬಿಳಿಯ ಹೊರಭಾಗಕ್ಕೆ ಆ ಶಕ್ತಿಯಿಲ್ಲ. ಹಲಗೆ ಆರಿಸುವಾಗ ಬಿಳಿ ಅಂಚನ್ನು ಕಡಿಸಿ ಬಿಸಾಡುವುದಕ್ಕೆ ಜೀವ ಹಿಂಜರಿಯಬಾರದು. ಹಳೇ ಮನೆಯಾದರೆ ನೆಲ ಎಬ್ಬಿಸಿದಾಗಲೇ ಗೋಡೆ–ನೆಲ ಸೇರುವಲ್ಲಿ ಅಡಿಗೊಂದು ರಂಧ್ರ ಕೊರೆದು ಔಷಧಿ ಬಿಡಿಸುವುದು ಸಲೀಸು, ಐಎಸ್ 6313 ಎಂಬ ಭಾರತೀಯ ಮಾನದಂಡ ಅದರ ಕ್ರಮ ಹೇಳುತ್ತದೆ. ಹೊಸ ನೆಲ ಹಾಸಿದ ಮೇಲೆ ನೆನಪಾದರೆ ಅದೇ ನೆಲಕ್ಕೆ ಡ್ರಿಲ್ ಹಾಕಬೇಕು.

ಇನ್ನು ‘ತೋಟದಲ್ಲೇ ಮರವಿದೆ’ ಎನ್ನುವ ಮಾತು. ತೋಟದಲ್ಲಿ ಹೆಚ್ಚಾಗಿ ಇರುವುದು ಸಿಲ್ವರ್ ಓಕ್. ನೆರಳಿಗೆ, ಮೆಣಸಿನ ಬಳ್ಳಿಗೆ ಆಸ್ಟ್ರೇಲಿಯಾದಿಂದ ಬಂದ ಮರ, ಓಕ್ ಜಾತಿಗೆ ಸೇರಿದ್ದಲ್ಲ. ನೆಟ್ಟಗೆ ಬೆಳೆಯುತ್ತದೆ, ಪ್ಲೈವುಡ್ಡಿಗೆ, ಪೆಟ್ಟಿಗೆಗೆ ಹೋಗುತ್ತದೆ, ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ಕಡಿಯಲು ವಿನಾಯಿತಿಯೂ ಇದೆ. ನೆಲಕ್ಕೆ ಮಾತ್ರ ಬೇಡ. ಮೆದು, ಕುಟ್ಟೆ ಹುಳುವಿಗೆ ಪ್ರೀತಿ, ಗೆದ್ದಲಿಗೂ ಪ್ರೀತಿ. ಔಷಧಿ ಹೊಡೆಸದೆ ಅದನ್ನು ಹಾಸುವುದು ಬಿಳಿ ಕಾಂಡಕೊರಕ ಹುಳು ಕಂಡ ಕಾಫಿ ಗಿಡವನ್ನು ತೋಟದಲ್ಲೇ ಬಿಟ್ಟುಕೊಂಡ ಹಾಗೆ. ಸಾಗುವಾನಿ, ಬೀಟೆ, ಹೊನ್ನೆ ಕಡಿಯಬೇಕಾದರೆ ಜಮೀನಿನ ದಾಖಲೆಯಲ್ಲಿ ಮರದ ಹಕ್ಕು ಯಾರದ್ದು ಎನ್ನುವುದರಿಂದ ಶುರುಮಾಡಿ ಅರಣ್ಯ ಇಲಾಖೆಯ ಅನುಮತಿ, ಸಾಮಿಲ್ಲಿಗೆ ಸಾಗಿಸಲು ಪಾಸು ಎಲ್ಲವೂ ಬೇಕು. ಸ್ವಂತ ತೋಟದ ಮರ ಪುಕ್ಕಟೆ ಎನ್ನುವುದು ಫೈಲು ಹಿಡಿದು ರೇಂಜ್ ಆಫೀಸಿಗೆ ಅಲೆಯುವವರೆಗಿನ ನಂಬಿಕೆ.

ಮರದ ಲೆಕ್ಕವನ್ನೂ ಮೊದಲೇ ತಿಳಿದಿರಬೇಕು. ಹನ್ನೆರಡು–ಹನ್ನೆರಡು ಅಡಿಯ ಕೋಣೆ 144 ಚದರಡಿ. ಮುಕ್ಕಾಲು ಇಂಚಿನ ಹಲಗೆ ಉಳಿಯಬೇಕಾದರೆ ಒಂದು ಇಂಚು ಸೀಳಿಸಬೇಕು, ಅಲ್ಲಿಗೆ 12 ಘನ ಅಡಿ. ಹಲಗೆಯ ಅಂಚಿಗೆ ನಾಲಿಗೆ–ಗಾಡಿ ತೆಗೆಯುವುದು, ಉಜ್ಜುವುದು, ಗಂಟು ಕಳೆಯುವುದು ಸೇರಿಸಿದರೆ 15 ಘನ ಅಡಿ ಸೀಳಿದ ಮರ ಬೇಕಾದೀತು. ದಿಮ್ಮಿಯಿಂದ ಹಲಗೆ ಬರುವುದು ಸುಮಾರು ಅರ್ಧ, ಆದ್ದರಿಂದ 30 ಘನ ಅಡಿಯ ದಿಮ್ಮಿ. ಇದು ಒಂದೇ ಒಂದು ಕೋಣೆಗೆ. ಅದರ ಮೇಲೆ ಹದಮಾಡುವ ಕಾಲ. ಸೀಳಿದ ಹಲಗೆಯನ್ನು ಪಟ್ಟಿ ಇಟ್ಟು ಅಟ್ಟಿ ಕಟ್ಟಿ ನೆರಳಲ್ಲಿ ಒಣಗಿಸಲು ಇಂಚಿನ ದಪ್ಪಕ್ಕೆ ತಿಂಗಳುಗಟ್ಟಲೆ ಬೇಕು, ಮಧ್ಯೆ ಮಳೆಗಾಲ ಬಂದರೆ ಗಡಿಯಾರ ನಿಲ್ಲುತ್ತದೆ. ಇಲ್ಲವೇ ಪೇಟೆಯ ಕಿಲ್ನ್‌ಗೆ ಕಳಿಸಬೇಕು. ಮರದ ತೇವ ಅಳೆಯುವ ಪುಟ್ಟ ಮೀಟರು ಈಗ ಸುಲಭವಾಗಿ ಸಿಗುತ್ತದೆ, ಹಲಗೆ ಇಳಿಸಿಕೊಳ್ಳುವ ದಿನ ಅದನ್ನು ಕೈಯಲ್ಲಿ ಹಿಡಿದು ನಿಂತರೆ ವ್ಯಾಪಾರಿಯ ಮಾತು ಚುಟುಕಾಗುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಪ್ರಯೋಗಾಲಯವಾಗಿ ಆರಂಭವಾದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ನಮ್ಮ ಕಾಡುಮರಗಳ ಒಣಗಿಕೆ, ಬಾಳಿಕೆಯ ಮೇಲೆಯೇ ಕೆಲಸ ಮಾಡುತ್ತ ಬಂದಿದೆ. ಮನೆ ಕಟ್ಟುವವರು ಅತ್ತ ತಲೆ ಹಾಕುವುದು ಕಡಿಮೆ.

ಇಷ್ಟೆಲ್ಲ ಪಾಡಿಲ್ಲದೆ ಒಳ್ಳೇ ಮರ ಸಿಗುವ ಒಂದು ಜಾಗವಿದೆ: ಕೆಡವುತ್ತಿರುವ ಅದೇ ಹಳೇ ಮನೆ. ರಿಪೇರಿಯಲ್ಲಿ ಅಟ್ಟ ತೆಗೆದು ಆರ್‌ಸಿಸಿ ಹಾಕಿಸುವಾಗ ಕೆಳಗಿಳಿದ ಹಲಗೆಗಳನ್ನು ಬಚ್ಚಲೊಲೆಗೆ, ಕಾಂಕ್ರೀಟಿನ ಸೆಂಟ್ರಿಂಗಿಗೆ ಹಾಕುವುದುಂಟು. ಹತ್ತಾರು ಮಳೆಗಾಲ ಊದಿ, ಹತ್ತಾರು ಬೇಸಿಗೆ ಕುಗ್ಗಿ ಹದಕ್ಕೆ ಬಂದ ಮರ ಅದು. ಮೊಳೆ ಕೀಳಬೇಕು, ಹುಳು ಹಿಡಿದದ್ದನ್ನು ಆರಿಸಿ ತೆಗೆಯಬೇಕು, ಇಲ್ಲಣ ಉಜ್ಜಬೇಕು, ಒಂದೊಂದು ಹಲಗೆ ಒಂದೊಂದು ಅಗಲ ಇರುತ್ತದೆ. ಹೊಸ ಮರ ಕೊಯ್ಯುವುದಕ್ಕಿಂತ ಕೂಲಿ ಹೆಚ್ಚು ಬೀಳಬಹುದು. ಮಹಡಿಯ ಒಂದು ಕೋಣೆಗೆ ಸಾಕಾಗುವಷ್ಟು ಅಂಥ ಹಲಗೆ ಇದ್ದವರು ಲ್ಯಾಮಿನೇಟ್ ಕ್ಯಾಟಲಾಗು ತೆರೆಯುವ ಅಗತ್ಯವೇ ಇಲ್ಲ.

ಹಲಗೆ ಇಲ್ಲದವರಿಗೆ? ಗಟ್ಟಿ ಸಾಗುವಾನಿಗೆ ಕೊಡುವ ದುಡ್ಡಿನಲ್ಲಿ ಲ್ಯಾಮಿನೇಟ್ ಹಲವು ಪಟ್ಟು ಜಾಗ ಮುಚ್ಚುತ್ತದೆ. ಆದರೆ ಅದು ಒಂದು ಸಲದ ವಸ್ತು. ಗಟ್ಟಿ ಮರವನ್ನು ಹಲವು ಬಾರಿ ಉಜ್ಜಿಸಿ ಹೊಸದು ಮಾಡಬಹುದು, ಎಂಜಿನಿಯರ್ಡ್ ಹಲಗೆಯನ್ನು ಮೇಲಿನ ಪದರ ದಪ್ಪವಿದ್ದರೆ ಒಂದೆರಡು ಬಾರಿ, ಲ್ಯಾಮಿನೇಟನ್ನು ಒಮ್ಮೆಯೂ ಇಲ್ಲ. ಒಂದು ಹಲಗೆ ಕೆಟ್ಟರೆ ಅದನ್ನೇ ಬದಲಿಸಬೇಕು, ಅಷ್ಟರಲ್ಲಿ ಆ ಡಿಸೈನು ಬರುವುದು ನಿಂತಿರುತ್ತದೆ. ಆದ್ದರಿಂದ ಮೊದಲೇ ಒಂದು ಬಾಕ್ಸ್ ಹೆಚ್ಚಿಗೆ ಕೊಂಡು ಅಟ್ಟದ ಮೇಲೆ ಇಡುವುದು ರೂಢಿಯಾಗಬೇಕು. ಅಡ್ಡ–ಉದ್ದ ಪದರಗಳ ಪ್ಲೈವುಡ್ ಬೆನ್ನಿರುವುದರಿಂದ ಎಂಜಿನಿಯರ್ಡ್ ಹಲಗೆ ಮಳೆಗಾಲಕ್ಕೆ ಕಡಿಮೆ ಹಿಗ್ಗುತ್ತದೆ. ಮೇಲ್ಮೈ ನಿಜವಾದ ಮರ. ಮಹಡಿಯ ಕೋಣೆಗೆ ದುಡ್ಡು ಮತ್ತು ಹವೆ ಎರಡನ್ನೂ ತೂಗಿದರೆ ಈ ನಡುವಿನದ್ದೇ ಮೇಲು. ಬಾಡಿಗೆಗೆ ಕೊಡುವ ಹೋಂಸ್ಟೇ ಕೋಣೆಗಾದರೆ ಲ್ಯಾಮಿನೇಟ್ ಸಾಕು. ಟ್ರೆಕ್ಕಿಂಗ್ ಬೂಟಿನವರಿಗೆ ಸಾಗುವಾನಿ ಹಾಸುವುದು ದಂಡ.

ಮೂಗಿಗೆ ಅಡರುವ ವಾಸನೆಯೂ ಪ್ರಶ್ನೆಯೇ. ಎಚ್‌ಡಿಎಫ್‌ನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಅದು ನಿಧಾನವಾಗಿ ಗಾಳಿಗೆ ಸೇರುತ್ತದೆ. ಅಮೆರಿಕದ ಲಂಬರ್ ಲಿಕ್ವಿಡೇಟರ್ಸ್ ಎಂಬ ದೊಡ್ಡ ಮಾರಾಟ ಕಂಪನಿಯ ಚೀನಾ ಲ್ಯಾಮಿನೇಟ್‌ನಲ್ಲಿ ಇದರ ಪ್ರಮಾಣ ಮಿತಿ ಮೀರಿದೆ ಎಂದು 2015ರ ಮಾರ್ಚ್‌ನಲ್ಲಿ ಅಲ್ಲಿನ ‘60 ಮಿನಿಟ್ಸ್’ ಟಿವಿ ಕಾರ್ಯಕ್ರಮ ಬಯಲಿಗೆಳೆಯಿತು. ಸ್ವಾರಸ್ಯವೆಂದರೆ ಅದೇ ಕಂಪನಿ ಗಟ್ಟಿ ಮರದಲ್ಲೂ ಸಿಕ್ಕಿಬಿದ್ದಿತ್ತು. ಸೈಬೀರಿಯಾ ಹುಲಿಗಳು ಬದುಕುವ ರಷ್ಯಾದ ಪೂರ್ವತುದಿಯ ಕಾಡಿನಿಂದ ಅಕ್ರಮವಾಗಿ ಕಡಿದ ಓಕ್ ಮರ ಚೀನಾದಲ್ಲಿ ಹಲಗೆಯಾಗಿ ಅಮೆರಿಕದ ನಡುಮನೆಗೆ ಬರುತ್ತಿತ್ತು. ಕಂಪನಿ ತಪ್ಪೊಪ್ಪಿಕೊಂಡು 2016ರಲ್ಲಿ 1.3 ಕೋಟಿ ಡಾಲರಿಗೂ ಹೆಚ್ಚು ದಂಡ ತೆತ್ತಿತು. ಲ್ಯಾಮಿನೇಟ್ ಪೆಟ್ಟಿಗೆಯ ಮೇಲೆ ಫಾರ್ಮಾಲ್ಡಿಹೈಡ್ ಮಿತಿಯೊಳಗಿದೆ ಎನ್ನುವ ‘ಇ1’ ಗುರುತು ಹುಡುಕುವುದು, ಮರಕ್ಕೆ ಬಿಲ್ಲು ಕೇಳುವುದು ಇಲ್ಲಿನವರಿಗೂ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಮಲಗುವ ಕೋಣೆಗಂತೂ ಇ1 ಬೇಕೇ ಬೇಕು.

ಕೆಳಗಿನ ನೆಲಕ್ಕೆ ಬಂದರೆ, ಈಗ ಅಂಗಡಿಗಳಲ್ಲಿ ಎಸ್‌ಪಿಸಿ ಎಂಬ ಇನ್ನೊಂದು ಹಲಗೆ ಬಂದಿದೆ. ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಒತ್ತಿದ್ದು, ನೋಡಲು ಲ್ಯಾಮಿನೇಟ್, ನೀರಿಗೆ ಊದುವುದಿಲ್ಲ, ಗೆದ್ದಲಿಗೆ ತಿನ್ನಲು ಏನೂ ಇಲ್ಲ. ಥಂಡಿ ಏರುವ ಮನೆಯಲ್ಲಿ ಅದರ ಅಡಿಯಲ್ಲಿ ಬೂಸ್ಟು ಬೆಳೆಯಬಹುದು, ಅಷ್ಟು ಬಿಟ್ಟರೆ ಮರದ ಫೋಟೊವೇ ಬೇಕು ಎನ್ನುವವರಿಗೆ ಅದು ಲ್ಯಾಮಿನೇಟ್‌ಗಿಂತ ಸುರಕ್ಷಿತ. ಅದಕ್ಕಿಂತ ಒಳ್ಳೆಯದು ಈಗಾಗಲೇ ಕಾಲ ಕೆಳಗಿರುವ ರೆಡ್ ಆಕ್ಸೈಡ್ ನೆಲ. ಬಿರುಕು ಬಿಟ್ಟಿದೆ, ಬಣ್ಣ ಮಾಸಿದೆ ಎಂದು ಅದರ ಮೇಲೆ ಟೈಲ್ಸು ಹಾಕಿಸುವವರು ಮೊದಲು ಒಂದು ಮೂಲೆಯನ್ನು ಉಜ್ಜಿಸಿ ಮೇಣ ಹಚ್ಚಿ ನೋಡಬೇಕು. ಹೊಸದಾಗಿ ಅದನ್ನು ಎಳೆದು, ಕಲ್ಲಿನಿಂದ ತಿಕ್ಕಿ ಕನ್ನಡಿ ಮಾಡುವ ಗಾರೆ ಕೆಲಸದವರು ಅಪರೂಪವಾಗುತ್ತಿದ್ದಾರೆ. ಇರುವುದನ್ನು ಉಳಿಸಿಕೊಳ್ಳುವುದು ಅಗ್ಗ. ಕಾಲು ಕೊರೆಯುವುದಕ್ಕೆ ಚಾಪೆ, ಜಮಖಾನ, ಮಂಚದ ಪಕ್ಕ ಒಂದು ಕಂಬಳಿ ಇವೆ.

ಕೊನೆಗೆ ಉಳಿಯುವುದು ಮಹಡಿಯ ಆ ಮಕ್ಕಳ ರೂಮು. ಖರ್ಚು ಮಾಡಿ ಮರ ಹಾಸುವುದು ಹೆಚ್ಚಾಗಿ ಅದಕ್ಕೇ. ಬೀಗ ಹಾಕಿ ಬಿಡುವುದೂ ಅದನ್ನೇ. ಮಕ್ಕಳು ಮೇನಲ್ಲಿ ಬಂದು ಹೋದ ಮೇಲೆ ಕಿಟಕಿ ಮುಚ್ಚಿದರೆ ಮತ್ತೆ ತೆರೆಯುವುದು ದಸರೆಗೆ. ಕೆಳಗೆ ಒಲೆಯಿಲ್ಲ, ಗ್ಯಾಸ್ ಬಂದಿದೆ. ಹೊಗೆಯೂ ಇಲ್ಲ, ಬಿಸಿಯೂ ಇಲ್ಲ. ನಾಲ್ಕು ತಿಂಗಳು ಗಾಳಿಯಾಡದ ಕೋಣೆಯಲ್ಲಿ ಸಾಗುವಾನಿಯೇ ಆಗಲಿ, ಎಂಜಿನಿಯರ್ಡ್ ಹಲಗೆಯೇ ಆಗಲಿ ಬೂಸ್ಟು ಹಿಡಿಯುತ್ತದೆ, ಅಂಚಿನಲ್ಲಿ ಕಪ್ಪು ಕಟ್ಟುತ್ತದೆ. ಅಂಥ ಕೋಣೆಗೆ ಹಲಗೆ ಹಾಸುವ ಮೊದಲು ಎದುರು ಬದುರು ಗೋಡೆಗಳಲ್ಲಿ ಮಾಡಿನ ಕೆಳಗೆ ಜಾಲರಿಯ ಗವಾಕ್ಷಿ ಇಡಿಸಬೇಕು. ಮಳೆ ಹೊಳವಾದ ದಿನ ಯಾರಾದರೂ ಮೇಲೆ ಹತ್ತಿ ಕಿಟಕಿ ತೆರೆದು ಒಂದು ಗಂಟೆ ಫ್ಯಾನ್ ಹಾಕಬೇಕು. ಮೆಟ್ಟಿಲು ಹತ್ತಲು ಮಂಡಿನೋವು ಎನ್ನುವ ಇಬ್ಬರೇ ಇರುವ ಮನೆಯಾದರೆ, ಆ ರೂಮಿಗೂ ರೆಡ್ ಆಕ್ಸೈಡ್ ಹಾಕಿಸಿ, ಮರದ ದುಡ್ಡಿನಲ್ಲಿ ಮಾಡಿನ ಹೆಂಚು ಬದಲಿಸುವುದು ಒಳ್ಳೆಯದು.